ಕೊಡಗಿನ ಮಳೆಗಾಲಕ್ಕೆ ಮನೆಯಲ್ಲೇ ಕಲಸಿದ ಹಸುವಿನ ಆಹಾರ

[ಕೊಟ್ಟಿಗೆ. ಹೊರಗೆ ಧೋ ಎಂದು ಮಳೆ. ಎರಡು ಹಸು.]

ನಮಸ್ಕಾರ. ಎರಡೇ ಹಸು ಇರುವ ಮನೆಯಲ್ಲಿ ಫೀಡಿನ ಮೂಟೆಗೆ ಕೊಟ್ಟು ಉಳಿಯುವ ಹಾಲಿನ ದುಡ್ಡು ಎಷ್ಟು ಅಂತ ನಿಮಗೂ ಗೊತ್ತು, ಅಲ್ವಾ? ಅದಕ್ಕೇ ನಾವು ಮನೆಯಲ್ಲೇ ಕಲಸುತ್ತೇವೆ.

[ಟಾರ್ಪಾಲಿನ ಮೇಲೆ ರಾಶಿಗಳು]

100 ಕೆಜಿಗೆ 40 ಕೆಜಿ ಮುಸುಕಿನ ಜೋಳ, 30 ಕೆಜಿ ಹಿಂಡಿ, ತೌಡು ಬೂಸಾ ಸೇರಿ 27 ಕೆಜಿ, ಖನಿಜ ಮಿಶ್ರಣ 2 ಕೆಜಿ, ಉಪ್ಪು 1 ಕೆಜಿ. ಜೋಳ ಕುಶಾಲನಗರದ ಕಡೆ ಬೆಳೆದದ್ದು, ತೌಡು ಹತ್ತಿರದ ಅಕ್ಕಿ ಗಿರಣಿಯದು. ಜೋಳವನ್ನು ನುಚ್ಚು ಮಾಡಿಸಿ. ಇಡೀ ಕಾಳು ಹಾಕಿದರೆ ಸಗಣಿಯಲ್ಲಿ ಹಾಗೇ ಬೀಳುತ್ತದೆ. ಖನಿಜ ಮಿಶ್ರಣ, ಉಪ್ಪನ್ನು ಮೊದಲು ಒಂದು ಬಕೆಟ್ ತೌಡಿನಲ್ಲಿ ಬೆರೆಸಿ, ಆಮೇಲೆ ರಾಶಿಗೆ ಸೇರಿಸಿ.

ಇಷ್ಟು ಎಲ್ಲಿಯಾದರೂ ಒಂದೇ. ನಮ್ಮ ಕೊಡಗಿನಲ್ಲಿ ಕಷ್ಟ ಇರುವುದು ತೇವದಲ್ಲಿ.

ಒಂದು ಜುಲೈನಲ್ಲಿ ನಾನು ಎರಡು ತಿಂಗಳಿಗಾಗುವಷ್ಟು ಒಟ್ಟಿಗೇ ಕಲಸಿಟ್ಟೆ. ಮೂರನೇ ವಾರಕ್ಕೆ ಚೀಲದೊಳಗೆ ಬಿಸಿ, ಗಂಟು, ಹಸಿರು ಬೂಷ್ಟು. ಅಷ್ಟನ್ನೂ ಗುಂಡಿಗೆ ಹಾಕಿದೆ. ಹೊಟ್ಟೆ ಉರಿಯಿತು, ಆದರೆ ಹಾಕಲೇಬೇಕಿತ್ತು. ಜೋಳ, ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರಬಹುದು. ಅದು ಹಸುವಿನ ಲಿವರ್ ಕೆಡಿಸುತ್ತದೆ, ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.

[ಗಾಜಿನ ಬಾಟಲಿ ಹತ್ತಿರದಿಂದ]

ಈಗ ಇದನ್ನು ನೋಡಿ. ಒಣಗಿದ ಬಾಟಲಿಗೆ ಒಂದು ಹಿಡಿ ಜೋಳ, ಎರಡು ಚಮಚ ಒಣ ಪುಡಿ ಉಪ್ಪು. ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಗಾಜಿಗೆ ಉಪ್ಪು ಅಂಟಿಕೊಂಡಿತಾ? ಜೋಳ ಇನ್ನೂ ಹಸಿ, ಕೊಳ್ಳಬೇಡಿ.

ಕಾಫಿ ಒಣಗಿಸಿ ಮುಗಿದ ಮೇಲೆ ಕಣ ಖಾಲಿ ಇರುತ್ತದೆ. ಬೇಸಿಗೆಯ ಆ ಬಿಸಿಲಲ್ಲೇ ಜೋಳ ಒಣಗಿಸಿಡಿ. ಮಳೆಗಾಲದಲ್ಲಿ 15 ದಿನಕ್ಕೆ ಬೇಕಾದಷ್ಟೇ ಕಲಸಿ. ಚೀಲ ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆ ಮೇಲಿರಲಿ.

ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಸಮಯದಲ್ಲಿ ಹಾಲುವಾಣ ಮರದ ಸೊಪ್ಪು ಸಿಗುತ್ತದಲ್ಲ, ಅದನ್ನೂ ಹುಲ್ಲಿನ ಜೊತೆ ಕೊಡಿ, ಪ್ರೋಟೀನ್ ಇದೆ. ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆದ ತೋಟದ ಸೊಪ್ಪು ಮಾತ್ರ ಬೇಡ.

[ಹಸು ತಿನ್ನುತ್ತಿದೆ]

ಈ ಮಿಶ್ರಣ ಒಂದು ಹಸುವಿಗೆ ಮೈ ಉಳಿಸಿಕೊಳ್ಳಲು ದಿನಕ್ಕೆ ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ. ಹಳೆ ಫೀಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಹೊಟ್ಟೆ ಕೆಡುತ್ತದೆ. ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಬದಲಾಯಿಸಿ.