ಫಿಲಡೆಲ್ಫಿಯಾದ ಹಳೇ ಯುದ್ಧನೌಕೆ, ನಮ್ಮಪ್ಪ, ಮತ್ತೆ 2 ಕೋಟಿ ಡಾಲರ್ ಕ್ರಯಪತ್ರ

ನಮಸ್ಕಾರ ಎಲ್ರಿಗೂ. ಮೊದ್ಲೇ ಹೇಳ್ಬಿಡ್ತೀನಿ, ಈ ವಿಡಿಯೋದಲ್ಲಿ ನದಿ ಗಾಳಿಗೆ ಮೈಕ್ ಬರೀ ಬುರ್ರ್ ಅಂತ ಬಡ್ಕೊಂಡಿದೆ, ಅಲ್ಲಿ ಮಾತಾಡಿದ್ದು ಒಂದಕ್ಷರಾನೂ ಕೇಳಲ್ಲ, ಅದಕ್ಕೆ ಮನೆಗೆ ಬಂದು ವಾಯ್ಸ್ ಓವರ್ ಕೊಡ್ತಿದೀನಿ. ಅಡ್ಜಸ್ಟ್ ಮಾಡ್ಕೊಳ್ಳಿ.

ಅಪ್ಪ ಹಾಸನದಿಂದ ಬಂದು ಮೂರು ವಾರ ಆಯ್ತು. ನಯಾಗರ ಆಯ್ತು, ದೇವಸ್ಥಾನ ಆಯ್ತು, ಕಾಸ್ಟ್‌ಕೋ ಅಂತೂ ಮೂರು ಸಲ ಆಯ್ತು. ಇವತ್ತು ಲಿಬರ್ಟಿ ಬೆಲ್ ತೋರಿಸೋಣ ಅಂತ ಕರ್ಕೊಂಡ್ ಹೋದ್ರೆ ಅಲ್ಲಿ ಕ್ಯೂ ನೋಡಿ "ಬಿರುಕು ಬಿಟ್ಟಿರೋ ಗಂಟೆ ನೋಡೋಕೆ ಇಷ್ಟು ಜನಾನಾ" ಅಂದ್ರು, ಸರಿ ಅಂತ ಸೀದಾ ಡೆಲವೇರ್ ನದಿ ಕಡೆ ನಡ್ಕೊಂಡು ಬಂದ್ವಿ. ಈಗ ಕಾಣ್ತಿದೆಯಲ್ಲ ಬಿಳೀ ಹಡಗು, ಅದೇ ಒಲಿಂಪಿಯಾ. 1892ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೀರಿಗೆ ಇಳಿಸಿದ್ದು, ಇನ್ನೂ ತೇಲ್ತಾ ಇದೆ.

ಮೇಲೆ ಹೋದ್ರೆ ಡೆಕ್ಕಲ್ಲಿ ಎರಡು ಹೆಜ್ಜೆ ಗುರುತು, ಲೋಹದ್ದು. 1898 ಮೇ 1ರ ಬೆಳಗಿನ ಜಾವ ಅಮೆರಿಕದ ನೌಕಾಪಡೆಯ ಕಮಡೋರ್ ಡ್ಯೂಯಿ ಅನ್ನೋನು ನಿಂತಿದ್ದ ಜಾಗ ಅಂತೆ. ನೋಡಿ ಅಪ್ಪ ಸ್ಪೋರ್ಟ್ಸ್ ಶೂ ಹಾಕ್ಕೊಂಡು ಅದರ ಮೇಲೆ ಕರೆಕ್ಟಾಗಿ ಕಾಲಿಟ್ಟು ನಿಂತ್ಕೊಂಡಿದಾರೆ. ಡ್ಯೂಯಿ ಅಲ್ಲಿ ನಿಂತ್ಕೊಂಡೇ ಕ್ಯಾಪ್ಟನ್‌ಗೆ "ನೀನು ರೆಡಿ ಇದ್ರೆ ಫೈರ್ ಮಾಡಬಹುದು, ಗ್ರಿಡ್ಲಿ" ಅಂದಿದ್ದು. ಫಿಲಿಪೀನ್ಸ್‌ನ ಮನಿಲಾ ಕೊಲ್ಲಿ ಅದು, ಎದುರುಗಡೆ ಸ್ಪೇನಿನ ಹಳೇ ಹಡಗುಗಳು ಲಂಗರು ಹಾಕ್ಕೊಂಡು ನಿಂತಿದ್ವು. ಎರಡು ಗಂಟೆ ಹೊಡೆದು, ಮಧ್ಯದಲ್ಲಿ ಗುಂಡು ಕಮ್ಮಿ ಇದೆ ಅನ್ನೋ ತಪ್ಪು ಸುದ್ದಿ ಬಂತು ಅಂತ ಹಿಂದೆ ಸರಿದು, ಹುಡುಗ್ರಿಗೆ ತಿಂಡಿ ಕೊಟ್ಟು, ತಿಂಡಿ ಮುಗಿಸ್ಕೊಂಡು ವಾಪಸ್ ಬಂದು ಉಳಿದಿದ್ದನ್ನ ಮುಗಿಸಿದ್ರು. ಮಧ್ಯಾಹ್ನದ ಹೊತ್ತಿಗೆ ಸ್ಪೇನಿನ ಹಡಗುಪಡೆ ಇರಲಿಲ್ಲ. ಪಾಪ ಗ್ರಿಡ್ಲಿಗೆ ಆಗ್ಲೇ ಹುಷಾರಿರ್ಲಿಲ್ಲ, ಸುಮಾರು ಒಂದು ತಿಂಗಳಲ್ಲಿ ತೀರ್ಕೊಂಡ.

ಇಲ್ಲಿ ಅಪ್ಪ ಕೇಳಿದ್ರು, ಜಗಳ ಯಾವುದರ ಬಗ್ಗೆ ಕಣೋ ಅಂತ. ನಾನು, ಕ್ಯೂಬಾ ಬಗ್ಗೆ ಅಂದೆ. "ಕ್ಯೂಬಾ ಇರೋದು ಇಲ್ಲೇ ಪಕ್ಕದಲ್ಲಿ ಅಲ್ವಾ, ಮನಿಲಾ ಯಾಕೆ?" ಅದಕ್ಕೆ ಉತ್ತರ ನಂಗೂ ಶಾಲೇಲಿ ಯಾರೂ ಹೇಳಿಕೊಟ್ಟಿರ್ಲಿಲ್ಲ.

ಆಗಿದ್ದೇನಪ್ಪಾ ಅಂದ್ರೆ, ಕ್ಯೂಬಾ, ಫಿಲಿಪೀನ್ಸ್ ಎರಡೂ ಆಗ ಸ್ಪೇನಿನ ಕೈಲಿದ್ವು, ಕ್ಯೂಬಾದೋರು ಸ್ಪೇನ್ ವಿರುದ್ಧ ದಂಗೆ ಎದ್ದಿದ್ರು. ಅಮೆರಿಕದ ಮೇನ್ ಅನ್ನೋ ಹಡಗು ಹವಾನಾ ಬಂದರಲ್ಲಿ 1898 ಫೆಬ್ರವರಿ 15ರ ರಾತ್ರಿ ಢಮಾರ್ ಅಂತು, 260ಕ್ಕೂ ಹೆಚ್ಚು ಜನ ಹೋದ್ರು. ಹರ್ಸ್ಟ್ ಮತ್ತು ಪುಲಿಟ್ಜರ್ ಅನ್ನೋ ಮಾಲೀಕರ ಅಮೆರಿಕನ್ ಪೇಪರ್‌ಗಳು ಸ್ಪೇನೇ ಮಾಡಿದ್ದು ಅನ್ನೋ ಥರ ಉರಿಯೋ ಬೆಂಕಿಗೆ ತುಪ್ಪ ಸುರಿದ್ವು, ಈಗಿನ ನಮ್ಮ ನ್ಯೂಸ್ ಚಾನೆಲ್ ನೆನಪಿಸ್ಕೊಳ್ಳಿ ಸಾಕು. (1976ರಲ್ಲಿ ಅಮೆರಿಕದ ನೌಕಾಪಡೆಯ ರಿಕೋವರ್ ಅನ್ನೋ ಅಡ್ಮಿರಲ್ಲೇ ಕೂತು ಸ್ಟಡಿ ಮಾಡಿಸಿ, ಹಡಗಿನೊಳಗಿನ ಕಲ್ಲಿದ್ದಲಿಗೆ ಬೆಂಕಿ ಹತ್ಕೊಂಡು ಸಿಡಿದಿರೋ ಸಾಧ್ಯತೆಯೇ ಹೆಚ್ಚು ಅಂದ್ರು, ಆದ್ರೆ ಅಷ್ಟೊತ್ತಿಗೆ 78 ವರ್ಷ ಆಗಿತ್ತು.) ಏಪ್ರಿಲ್ 25ಕ್ಕೆ ಯುದ್ಧ ಘೋಷಣೆ. ಕ್ಯೂಬಾನ ನಾವು ಇಟ್ಕೊಳ್ಳಲ್ಲ ಅಂತ ಅಮೆರಿಕದ ಸಂಸತ್ತು ಬರವಣಿಗೇಲಿ ಕೊಟ್ಟಿತ್ತು. ಫಿಲಿಪೀನ್ಸ್ ಬಗ್ಗೆ ಮಾತ್ರ ಆ ಕಾಗದದಲ್ಲಿ ಒಂದು ಮಾತೂ ಇರ್ಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು. ಪೆಸಿಫಿಕ್‌ನಲ್ಲಿ ಸ್ಪೇನಿನ ಕೈಲಿದ್ದ ಗ್ವಾಮ್ ದ್ವೀಪದ ಕತೆ ಕೇಳಿ, ನಂಗಂತೂ ನಗು ತಡೆಯೋಕಾಗಲಿಲ್ಲ. ಜೂನ್‌ನಲ್ಲಿ ಅಮೆರಿಕದ ಹಡಗು ಹೋಗಿ ಅಲ್ಲಿನ ಕೋಟೆ ಕಡೆ ಗುಂಡು ಹಾರಿಸ್ತು. ಯುದ್ಧ ಶುರುವಾಗಿರೋ ಸುದ್ದಿನೇ ಸ್ಪೇನಿನ ಅಧಿಕಾರಿಗಳಿಗೆ ತಲುಪಿಲ್ಲ, ಅವರು ಇದೇನೋ ಮರ್ಯಾದೆ ಕೊಡೋಕೆ ಹೊಡೆದ ತೋಪು ಅನ್ಕೊಂಡು ದೋಣಿ ಹತ್ಕೊಂಡು ಬಂದು, ಕ್ಷಮಿಸಿ ಸ್ವಾಮಿ ನಮ್ಮ ಹತ್ರ ವಾಪಸ್ ಹೊಡೆಯೋಕೆ ಮದ್ದಿಲ್ಲ ಅಂದ್ರಂತೆ. ತಾವೀಗ ಕೈದಿಗಳು ಅಂತ ಅವರಿಗೆ ಆಮೇಲೆ ಗೊತ್ತಾಯ್ತು. ಜುಲೈ 7ಕ್ಕೆ ಸ್ಪೇನಿಗೆ ಸಂಬಂಧವೇ ಇಲ್ಲದ ಹವಾಯಿನ ಕೂಡ ಒಳಗೆ ಹಾಕ್ಕೊಂಡ್ರು, ಜುಲೈ 25ಕ್ಕೆ ಪೋರ್ಟೊ ರಿಕೊ. ಆಗಸ್ಟ್ 12ಕ್ಕೆ ಕದನ ವಿರಾಮ. ನಾಲ್ಕು ತಿಂಗಳೂ ತುಂಬಲಿಲ್ಲ.

ಮನಿಲಾದಲ್ಲಿ ಮಾರನೇ ದಿನ ನಡೆದಿದ್ದು ಮಾತ್ರ ಪಕ್ಕಾ ನಾಟಕ. ಡ್ಯೂಯಿನೇ ಟೆಲಿಗ್ರಾಫ್ ಕೇಬಲ್ ಕತ್ತರಿಸಿದ್ದರಿಂದ ಕದನ ವಿರಾಮದ ಸುದ್ದಿ ಬಂದಿರ್ಲಿಲ್ಲ. ಊರಿನ ಸುತ್ತ ಅಗಿನಾಲ್ಡೊ ಅನ್ನೋ ಫಿಲಿಪಿನೋ ನಾಯಕನ ಸೈನ್ಯ ಮುತ್ತಿಗೆ ಹಾಕಿತ್ತು. ಈ ಅಗಿನಾಲ್ಡೊನ ಹಾಂಗ್‌ಕಾಂಗ್‌ನಿಂದ ಕರ್ಕೊಂಡು ಬಂದಿದ್ದೇ ಅಮೆರಿಕದ ಹಡಗು, ಆತ ಜೂನ್ 12ಕ್ಕೇ ಸ್ವಾತಂತ್ರ್ಯ ಘೋಷಣೆನೂ ಮಾಡಿದ್ದ. ಸ್ಪೇನಿನೋರು ಅಮೆರಿಕನ್ನರು ಒಳಗೊಳಗೇ ಮಾತಾಡ್ಕೊಂಡು, ಸುಮ್ನೆ ಹೊಡೆದಾಡ್ದಂಗೆ ಮಾಡಿ, ಊರನ್ನ ಈ ಕೈಯಿಂದ ಆ ಕೈಗೆ ಕೊಟ್ಟು, ಫಿಲಿಪಿನೋಗಳನ್ನ ಗೋಡೆ ಹೊರಗೇ ನಿಲ್ಲಿಸಿಬಿಟ್ರು. ಅದೇ ಆಗಸ್ಟಲ್ಲಿ ನಮ್ಮ ಬೆಂಗಳೂರಿಗೆ ಪ್ಲೇಗ್ ಬಂದಿದ್ದು, ಆಮೇಲೇ ಅಲ್ವಾ ಬಸವನಗುಡಿ ಮಲ್ಲೇಶ್ವರ ಎಲ್ಲ ಬೆಳೆದಿದ್ದು, ಯಾಕೋ ಹಾಗೇ ನೆನಪಾಯ್ತು.

ಡಿಸೆಂಬರ್ 10ಕ್ಕೆ ಪ್ಯಾರಿಸ್‌ನಲ್ಲಿ ಒಪ್ಪಂದ. ಫಿಲಿಪೀನ್ಸ್ ಬಿಟ್ಟುಕೊಟ್ಟಿದ್ದಕ್ಕೆ ಅಮೆರಿಕದಿಂದ ಸ್ಪೇನಿಗೆ 2 ಕೋಟಿ ಡಾಲರ್. ಅಗಿನಾಲ್ಡೊ ಕಳಿಸಿದ್ದ ಅಗೊನ್ಸಿಯೊ ಅನ್ನೋ ವಕೀಲರು ಪ್ಯಾರಿಸ್‌ವರೆಗೂ ಹೋಗಿದ್ರು, ಒಳಗೇ ಬಿಡ್ಲಿಲ್ಲ.

ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮೂವತ್ತೊಂದು ವರ್ಷ ಸರ್ವೀಸ್ ಮಾಡಿ ರಿಟೈರ್ ಆಗಿರೋರು. ಇಷ್ಟೊತ್ತು ತೋಪು ಮುಟ್ಟಿ ಮುಟ್ಟಿ ನೋಡ್ತಿದ್ದೋರು ಇಲ್ಲಿ ತಿರುಗಿದ್ರು.

"ಸ್ಪೇನಿನೋರ ಕೈಲಿ ಕೊನೇಗೆ ಏನುಳಿದಿತ್ತು?"

"ಮನಿಲಾ ಕೋಟೆ, ಇನ್ನೊಂದಷ್ಟು ಕಡೆ ಠಾಣೆ. ಅದೂ ಕೋಟೆ ಆಗಸ್ಟಲ್ಲೇ ಹೋಯ್ತಲ್ಲ."

"ಮತ್ತೆ ಕಬ್ಜಾ ಇಲ್ದೋನು ಕ್ರಯ ಮಾಡ್ಕೊಟ್ಟ ಅನ್ನು. ಉಳುಮೆ ಮಾಡ್ತಿರೋನು ಬಾಗಿಲಲ್ಲೇ ನಿಂತಿದಾನೆ ತಕರಾರು ಇದೆ ಅಂತ, ಅವನನ್ನ ಹೊರಗೆ ನಿಲ್ಸಿ ಒಳಗೆ ಸಹಿ ಹಾಕಿದ್ರೆ ಏನಾಗತ್ತೆ? ಗಲಾಟೆನೇ ಆಗೋದು."

ಆಯ್ತು ಗಲಾಟೆ. 1899 ಫೆಬ್ರವರಿ 4ರ ರಾತ್ರಿ ಮನಿಲಾ ಹೊರಗೆ ಗುಂಡು ಹಾರಿತು, ಎರಡು ದಿನ ಬಿಟ್ಟು ಅಮೆರಿಕದ ಸೆನೆಟ್ 57-27 ಮತದಲ್ಲಿ ಒಪ್ಪಂದ ಪಾಸ್ ಮಾಡ್ತು, ಬೇಕಿದ್ದ ಮೂರನೇ ಎರಡಕ್ಕಿಂತ ಒಂದೇ ಒಂದು ವೋಟು ಜಾಸ್ತಿ. ನಾಲ್ಕು ತಿಂಗಳಿನ "ಭರ್ಜರಿ ಪುಟ್ಟ ಯುದ್ಧ" ಅಂತ ಅಮೆರಿಕದ ರಾಯಭಾರಿ ಜಾನ್ ಹೇ ಬರೆದಿದ್ದು ಸ್ಪೇನ್ ಜೊತೆಗಿನ ಯುದ್ಧಕ್ಕೆ, ಫಿಲಿಪಿನೋಗಳ ಜೊತೆಗಿನ ಈ ಎರಡನೇದು ಮೂರು ವರ್ಷಕ್ಕಿಂತ ಜಾಸ್ತಿ ಎಳೀತು, 4,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಹೋದ್ರು, ಫಿಲಿಪಿನೋ ಜನಸಾಮಾನ್ಯರು ಹಸಿವು, ಕಾಲರಾ, ಹಿಂಸೆ ಎಲ್ಲ ಸೇರಿ ಸುಮಾರು 2 ಲಕ್ಷ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಅಮೆರಿಕದ ಸೈನಿಕರು ಕೈದಿಗಳ ಬಾಯಿಗೆ ಬಲವಂತವಾಗಿ ನೀರು ಸುರಿದು ಬಾಯಿ ಬಿಡಿಸ್ತಿದ್ರು. ಸಮಾರ್ ದ್ವೀಪದ ಬಲಾಂಗಿಗಾ ಊರಿನ ಚರ್ಚ್ ಗಂಟೆಗಳನ್ನ 1901ರಲ್ಲಿ ಎತ್ಕೊಂಡು ಬಂದೋರು ವಾಪಸ್ ಕೊಟ್ಟಿದ್ದು 2018ರಲ್ಲಿ. ಲೇಖಕ ಮಾರ್ಕ್ ಟ್ವೇನ್, ಉಕ್ಕಿನ ಸಾಹುಕಾರ ಕಾರ್ನೆಗಿ ಅಂಥೋರೆಲ್ಲ ಇದು ಬೇಡ ಅಂತ ಇಲ್ಲೇ ಕೂಗಾಡಿದ್ರು, ನಡೀಲಿಲ್ಲ. ನಾವು ಹಡಗಿನ ಮೇಲೆ ಕಾಲಿಟ್ಟು ಫೋಟೋ ತಗೊಂಡಿದ್ದು ಆ ಒಂದು ಬೆಳಗ್ಗೆಯ ಹೆಜ್ಜೆ ಮೇಲೆ, ಅಷ್ಟೇ.

ಪೋರ್ಟೊ ರಿಕೊದು ಇನ್ನೊಂದು ಥರ. ಅಲ್ಲಿಂದ ನ್ಯೂಯಾರ್ಕ್‌ಗೆ ಬಂದ ಕಿತ್ತಳೆ ಹಣ್ಣಿಗೆ ಸುಂಕ ಹಾಕ್ಬೋದಾ ಅಂತ ಕೇಸ್ ಆಗಿ, 1901ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಆ ದ್ವೀಪ ಅಮೆರಿಕದ್ದು ಹೌದು, ಆದ್ರೆ ಅಮೆರಿಕದ ಭಾಗ ಅಲ್ಲ. ಈಗ್ಲೂ ಅಲ್ಲಿ ವಾಸ ಇರೋರು ಅಮೆರಿಕದ ಪ್ರಜೆಗಳು, ಅಧ್ಯಕ್ಷರ ಚುನಾವಣೇಲಿ ವೋಟಿಲ್ಲ. ಫಿಲಿಪೀನ್ಸ್‌ಗೆ ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ, ನಮಗಿಂತ ಒಂದು ವರ್ಷ ಮೊದಲು.

ಮತ್ತೆ ಇಟ್ಕೊಳ್ಳಲ್ಲ ಅಂತ ಬರ್ಕೊಟ್ಟಿದ್ದ ಕ್ಯೂಬಾ? ಕಾರಲ್ಲಿ ವಾಪಸ್ ಬರ್ತಾ ಅಪ್ಪ ಇದನ್ನೇ ಕೇಳಿದ್ರು. ಅಲ್ಲಿನ ಗ್ವಾಂಟನಾಮೊ ಕೊಲ್ಲಿನ ಅಮೆರಿಕದೋರು 1903ರಲ್ಲಿ ಲೀಸ್ ಬರೆಸ್ಕೊಂಡ್ರು, 1934ರಲ್ಲಿ ಮತ್ತೆ ಬರೆದ್ರು, ಇಬ್ರೂ ಒಪ್ಪಿದ್ರೇನೇ ಮುಗಿಯೋದು ಅಂತ. ಬಾಡಿಗೆ ವರ್ಷಕ್ಕೆ 4,085 ಡಾಲರ್. ಕ್ಯೂಬಾದಲ್ಲಿ ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ಮೇಲೆ ಶುರುನಲ್ಲಿ ಒಂದು ಚೆಕ್ ಹೇಗೋ ಕ್ಯಾಶ್ ಆಗೋಯ್ತಂತೆ, ಅದು ಬಿಟ್ರೆ ಕ್ಯೂಬಾ ಯಾವ್ದನ್ನೂ ಮುಟ್ಟಿಲ್ಲ ಅಂದೆ.

ಅಪ್ಪ ಸೀಟ್ ಬೆಲ್ಟ್ ಸರಿ ಮಾಡ್ಕೊಂಡು, "ಮುಟ್ಟಬಾರ್ದು. ಬಾಡಿಗೆ ಇಸ್ಕೊಂಡ್ರೆ ಒಪ್ಪಿದಂಗಾಗತ್ತೆ. ಆ ಮೊದಲನೇ ಚೆಕ್ ಹಾಕಿದ ಗುಮಾಸ್ತನ್ನ ಹಿಡ್ಕೊಂಡು ಬೈಬೇಕು" ಅಂದ್ರು. ಅಷ್ಟೊತ್ತಿಗೆ ಬ್ರಿಡ್ಜ್ ಬಂತು, ಟೋಲ್‌ಗೆ ಚಿಲ್ರೆ ಹುಡುಕ್ಬೇಕಾ ಅಂತ ಜೇಬಿಗೆ ಕೈ ಹಾಕಿದ್ರು.