ಅಜ್ಜಿ ಹುಟ್ಟಿದ ದೇಶಕ್ಕೆ ಆಡುವ ಹಕ್ಕು

ಕೇಳುಗರಿಗೆ ನಮಸ್ಕಾರ.

ಮಗನೋ ಮಗಳೋ ಆಸ್ಟ್ರೇಲಿಯಾದಲ್ಲಿದ್ದಾರೆ ಎನ್ನುವ ತಂದೆತಾಯಿ ಇಂದು ಮೈಸೂರಿನ ಯಾವ ಬಡಾವಣೆಯಲ್ಲೂ ಅಪರೂಪವಲ್ಲ. ಮಂಡ್ಯದಲ್ಲೂ ಅಷ್ಟೇ. ಅವರ ಮೊಮ್ಮಕ್ಕಳು ಸಿಡ್ನಿಯಲ್ಲೋ ಬ್ರಿಸ್ಬೇನಿನಲ್ಲೋ ಬೆಳೆಯುತ್ತಿದ್ದರೆ, ಚಳಿಗಾಲದಲ್ಲಿ ಅವರ ಕಣ್ಣಿಗೆ ಹೆಚ್ಚು ಬೀಳುವ ಆಟ ರಗ್ಬಿ ಲೀಗ್. ಆ ಹುಡುಗರಲ್ಲಿ ಒಬ್ಬ ಚೆನ್ನಾಗಿ ಆಡಿ ಮೇಲೆ ಬಂದ ಎಂದುಕೊಳ್ಳೋಣ. ಅವನು ಹುಟ್ಟಿದ್ದು ಸಿಡ್ನಿಯಲ್ಲಿ, ತಂದೆ ಹುಟ್ಟಿದ್ದು ಬೆಂಗಳೂರಿನಲ್ಲಿ, ತಂದೆಯ ತಾಯಿ ಹುಟ್ಟಿದ್ದು ಪಾಂಡವಪುರದಲ್ಲಿ. ಅವನು ಯಾವ ದೇಶದ ಅಂಗಿ ತೊಡಬಹುದು? ಈ ಪ್ರಶ್ನೆಗೆ ರಗ್ಬಿ ಲೀಗ್ ಕೊಡುವ ಉತ್ತರ ನಮ್ಮ ದೇಶ ಕೊಡುವ ಉತ್ತರಕ್ಕಿಂತ ತೀರಾ ಬೇರೆ. ನನ್ನ ಮನಸ್ಸು ರಗ್ಬಿ ಲೀಗ್‌ನ ಉತ್ತರದ ಕಡೆಗಿದೆ. ಏಕೆಂಬುದನ್ನು ಇಂದು ಹೇಳುತ್ತೇನೆ.

ಮೊದಲು ಆಟದ ಪರಿಚಯ. ರಗ್ಬಿ ಎರಡು ಬಗೆ. 1895ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್‌ಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ಮೂಲ ಸಂಸ್ಥೆಯಿಂದ ಹೊರಬಂದವು. ಜಗಳ ಕೂಲಿಯದ್ದು. ಗಣಿ ಮತ್ತು ಗಿರಣಿಗಳ ಕಾರ್ಮಿಕರು ಕೆಲಸ ಬಿಟ್ಟು ಆಡಲು ಬಂದಾಗ ಕಳೆದುಕೊಂಡ ದಿನಗೂಲಿಯನ್ನು ತುಂಬಿಕೊಡಬೇಕು ಎಂದು ಈ ಕ್ಲಬ್‌ಗಳು ಕೇಳಿದವು. ದಕ್ಷಿಣದ ಅನುಕೂಲಸ್ಥರು ಒಪ್ಪಲಿಲ್ಲ. ಹೀಗೆ ದುಡಿಯುವವರ ಪರವಾಗಿ ಹುಟ್ಟಿದ ಆಟವೇ ಮುಂದೆ ಹದಿಮೂರು ಮಂದಿ ಆಡುವ ರಗ್ಬಿ ಲೀಗ್ ಆಯಿತು. ಹದಿನೈದು ಮಂದಿಯದು ರಗ್ಬಿ ಯೂನಿಯನ್.

ಲೀಗ್‌ನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1904ರಲ್ಲಿ, ವಿಗನ್ ಪಟ್ಟಣದಲ್ಲಿ. ಇಂಗ್ಲೆಂಡಿಗೆ ಎದುರಾಳಿಯಾಗಿ ನಿಲ್ಲಲು ಇನ್ನೊಂದು ದೇಶವೇ ಇರಲಿಲ್ಲ. ಆದ್ದರಿಂದ ಇಂಗ್ಲಿಷ್ ಕ್ಲಬ್‌ಗಳಲ್ಲಿದ್ದ ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಆಟಗಾರರನ್ನು ಕೂಡಿಸಿ ‘ಇತರ ರಾಷ್ಟ್ರೀಯರು’ ಎಂಬ ತಂಡ ಕಟ್ಟಿದರು. ಗೆದ್ದದ್ದು ಅವರೇ. ಮೂರು ವರ್ಷದ ಬಳಿಕ ಬ್ರಿಟನ್ನಿಗೆ ಹೊರಟ ನ್ಯೂಜಿಲೆಂಡ್ ತಂಡದ ಜೊತೆ ಡ್ಯಾಲಿ ಮೆಸೆಂಜರ್ ಎಂಬ ಆಸ್ಟ್ರೇಲಿಯಾದವರು ಹೋಗಿ ಆಡಿ ಬಂದರು. ಯಾರು ಯಾವ ದೇಶದವರು ಎಂಬ ಲೆಕ್ಕ ಈ ಆಟದಲ್ಲಿ ಮೊದಲಿನಿಂದಲೂ ಸಡಿಲವಾಗಿಯೇ ಇತ್ತು.

ಇಂದಿನ ನಿಯಮ ಹೀಗಿದೆ. ಆಟಗಾರ ಆ ದೇಶದಲ್ಲಿ ಹುಟ್ಟಿರಬೇಕು. ಇಲ್ಲವೇ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಯಾರಾದರೊಬ್ಬರು ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಅವನು ನಿಗದಿಯಾದಷ್ಟು ವರ್ಷ ಸತತವಾಗಿ ಅಲ್ಲಿಯೇ ನೆಲೆಸಿರಬೇಕು. ಇದರ ಮೇಲೆ ದೇಶಗಳ ಶ್ರೇಣಿಯೊಂದಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಮೊದಲ ಶ್ರೇಣಿಯವು. ಈ ಮೂರರಲ್ಲಿ ಒಂದಕ್ಕೆ ಆಡಿದವನು ಇನ್ನೊಂದಕ್ಕೆ ಹೋಗುವಂತಿಲ್ಲ. ಆದರೆ ಈ ಮೂರರಲ್ಲಿ ಒಂದಕ್ಕೆ ಆಡಿದವನು, ಅರ್ಹತೆ ಇದ್ದರೆ, ಪೆಸಿಫಿಕ್ ಸಾಗರದ ದ್ವೀಪದೇಶಗಳಾದ ಟೋಂಗಾ, ಸಮೋವಾ ಅಥವಾ ಲೆಬನಾನ್, ಇಟಲಿಯಂಥ ಕೆಳಗಿನ ಶ್ರೇಣಿಯ ದೇಶವೊಂದಕ್ಕೂ ಆಡಬಹುದು.

ಈ ನಿಯಮ ಏನು ಮಾಡಬಲ್ಲದು ಎಂಬುದು ಜಗತ್ತಿಗೆ ಕಂಡದ್ದು 2017ರ ವಿಶ್ವಕಪ್‌ನಲ್ಲಿ. ಜೇಸನ್ ಟೌಮಲೋಲೋ ಆಗ ಲೀಗ್‌ನ ಅತಿ ಬಲಶಾಲಿ ಆಟಗಾರರಲ್ಲಿ ಒಬ್ಬರು. ಹುಟ್ಟಿದ್ದು ಆಕ್ಲೆಂಡಿನಲ್ಲಿ, ಮನೆತನ ಟೋಂಗಾದ್ದು. ನ್ಯೂಜಿಲೆಂಡಿಗೆ ಆಡುತ್ತಿದ್ದ ಅವರು ಟೂರ್ನಿಗೆ ಕೆಲವೇ ವಾರಗಳಿರುವಾಗ ಟೋಂಗಾಕ್ಕೆ ಆಡುತ್ತೇನೆ ಎಂದರು. ಆಸ್ಟ್ರೇಲಿಯಾಕ್ಕೆ ಆಡಿದ್ದ ಆಂಡ್ರ್ಯೂ ಫಿಫಿಟಾ ಕೂಡ ಅದೇ ದಾರಿ ಹಿಡಿದರು. ಹಣದಲ್ಲಿ ನೋಡಿದರೆ ಇಬ್ಬರಿಗೂ ಅದು ನಷ್ಟದ ದಾರಿ. ನವೆಂಬರ್ 11ರಂದು ಹ್ಯಾಮಿಲ್ಟನ್ನಿನಲ್ಲಿ, ಮೊದಲಾರ್ಧದಲ್ಲಿ ಹಿಂದೆ ಬಿದ್ದಿದ್ದ ಟೋಂಗಾ, ನ್ಯೂಜಿಲೆಂಡನ್ನು 28–22ರಿಂದ ಸೋಲಿಸಿತು. ಸುಮಾರು ಒಂದು ಲಕ್ಷ ಜನರ ದೇಶ ಅದು. ನಮ್ಮ ಮಂಡ್ಯ ನಗರಕ್ಕಿಂತಲೂ ಚಿಕ್ಕದು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಎದುರು ಎರಡೇ ಅಂಕದಿಂದ ಸೋತರೂ, ಎರಡು ವರ್ಷದ ನಂತರ ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾವನ್ನೇ 16–12ರಿಂದ ಮಣಿಸಿದರು.

ಇವರೆಲ್ಲ ಆಕ್ಲೆಂಡ್, ಸಿಡ್ನಿಗಳ ಹುಡುಗರು, ಇವರನ್ನು ಟೋಂಗಾದವರು ಎನ್ನುವುದು ಹೇಗೆ ಎಂದು ಆಕ್ಷೇಪಿಸುವವರಿದ್ದಾರೆ. ಅವರು ಆಕ್ಲೆಂಡಿಗೆ ಬಂದದ್ದು ಹೇಗೆಂದು ಕೇಳಬೇಕು. ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು. ಸಮೋವಾ, ಟೋಂಗಾಗಳಿಂದ ಜನ ಬಂದು ದುಡಿದರು. 1970ರ ದಶಕದಲ್ಲಿ ಉದ್ಯೋಗ ಕುಗ್ಗಿದಾಗ, ವೀಸಾ ಅವಧಿ ಮೀರಿದವರನ್ನು ಹುಡುಕುವ ನೆಪದಲ್ಲಿ ಪೊಲೀಸರು ಬೆಳಕು ಹರಿಯುವ ಮುನ್ನವೇ ಇವರ ಮನೆಗಳಿಗೆ ನುಗ್ಗಿದರು. ಅವಧಿ ಮೀರಿ ಉಳಿದ ಯುರೋಪ್ ಮೂಲದವರ ಮನೆ ಬಾಗಿಲನ್ನು ಹಾಗೆ ಬಡಿಯಲಿಲ್ಲ. 2021ರ ಆಗಸ್ಟ್ 1ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ನೀವು ಇಲ್ಲಿಯವರಲ್ಲ ಎಂದು ಒಂದು ಪೀಳಿಗೆಗೆ ಬಾಗಿಲು ಬಡಿದು ಹೇಳಿದ ಮೇಲೆ, ಅವರ ಮೊಮ್ಮಕ್ಕಳು ಟೋಂಗಾದ ಕೆಂಪು ಅಂಗಿ ತೊಟ್ಟರೆ ಅದನ್ನು ಅವಕಾಶವಾದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಆಡುವ ಭಾಷೆ, ಭಾನುವಾರದ ಚರ್ಚು, ಊರಿಗೆ ಕಳುಹಿಸುವ ಹಣ, ಎಲ್ಲವೂ ಅವರನ್ನು ಆ ದ್ವೀಪಗಳಿಗೆ ಕಟ್ಟಿಹಾಕಿವೆ. ಪಾಸ್‌ಪೋರ್ಟ್ ಇವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ.

ಸಮೋವಾದ್ದೂ ಇದೇ ಕಥೆ. 2021ರಲ್ಲಿ ನಡೆಯಬೇಕಿದ್ದು ಮುಂದಿನ ವರ್ಷಕ್ಕೆ ಹೋದ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ ಅವರನ್ನು 60–6ರಿಂದ ಹಣ್ಣುಗಾಯಿ ಮಾಡಿತ್ತು. ತಿಂಗಳೊಪ್ಪತ್ತಿನಲ್ಲಿ ಅದೇ ಇಂಗ್ಲೆಂಡನ್ನು ಸೆಮಿಫೈನಲ್‌ನಲ್ಲಿ 27–26ರಿಂದ ಸೋಲಿಸಿ ಸಮೋವಾ ಫೈನಲ್ ಸೇರಿತು. ಜರೋಮ್ ಲುವಾಯ್, ಬ್ರಯನ್ ಟೊಒ ಅವರಂಥ ಸಿಡ್ನಿಯ ಮಕ್ಕಳೇ ಆ ತಂಡದ ಬೆನ್ನೆಲುಬು. ಫೈನಲ್‌ನಲ್ಲಿ ಆಸ್ಟ್ರೇಲಿಯಾ 30–10ರಿಂದ ಗೆದ್ದಿತು, ನಿಜ. ಆದರೆ ಮೂರು ದೇಶಗಳ ಸೊತ್ತಿನಂತಿದ್ದ ವೇದಿಕೆಗೆ ನಾಲ್ಕನೆಯವರೊಬ್ಬರು ಏರಿಯಾಗಿತ್ತು.

ಇನ್ನು ಹುಟ್ಟಿದ ಸ್ಥಳದ ಮಾತು. ಅದನ್ನು ಅತಿಯಾಗಿ ನಂಬುವುದೂ ಸರಿಯಲ್ಲ, ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಪದ್ಧತಿ. ಮಳವಳ್ಳಿಯ ಮನೆತನದ ಮಗು ತಾಯಿಯ ತವರಾದ ತಾಳವಾಡಿಯಲ್ಲಿ ಹುಟ್ಟಿದರೆ, ದಾಖಲೆಯ ಪ್ರಕಾರ ಅದು ತಮಿಳುನಾಡಿನಲ್ಲಿ ಹುಟ್ಟಿದ ಮಗು. ಬಾಣಂತನ ಮುಗಿಸಿ ತಿರುಗಿ ಬಂದು ಬೆಳೆದದ್ದೆಲ್ಲ ಮಳವಳ್ಳಿಯಲ್ಲೇ. ಹೆರಿಗೆಯ ಜಾಗವೊಂದೇ ಮನುಷ್ಯನ ನೆಲೆಯನ್ನು ಹೇಳಲಾರದು.

ಆಸ್ಟ್ರೇಲಿಯಾದ ಒಳಗೇ ನಡೆಯುವ ‘ಸ್ಟೇಟ್ ಆಫ್ ಒರಿಜಿನ್’ ಸರಣಿ ಇದನ್ನು ಕಂಡುಕೊಂಡಿದೆ. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ರಾಜ್ಯಗಳ ನಡುವಿನ ಈ ಪಂದ್ಯಗಳಲ್ಲಿ ಹಿಂದೆ ಆಟಗಾರ ಯಾವ ಕ್ಲಬ್‌ನಲ್ಲಿದ್ದನೋ ಆ ರಾಜ್ಯಕ್ಕೆ ಆಡುತ್ತಿದ್ದ. ಸಿಡ್ನಿಯ ಶ್ರೀಮಂತ ಕ್ಲಬ್‌ಗಳು ಕ್ವೀನ್ಸ್‌ಲೆಂಡಿನ ಪ್ರತಿಭೆಗಳನ್ನು ಹಣ ಕೊಟ್ಟು ಕರೆದೊಯ್ದು, ಅವರ ಕೈಯಿಂದಲೇ ಅವರ ತವರು ರಾಜ್ಯವನ್ನು ಸೋಲಿಸುತ್ತಿದ್ದವು. 1980ರಲ್ಲಿ ಮೂಲದ ನಿಯಮ ಬಂತು. ಸಿಡ್ನಿಯಲ್ಲಿ ಆಡುತ್ತಿದ್ದ, ಆಗಲೇ 35 ದಾಟಿದ್ದ ಆರ್ಥರ್ ಬೀಟ್ಸನ್ ತಮ್ಮ ಕ್ವೀನ್ಸ್‌ಲೆಂಡಿನ ನಾಯಕರಾಗಿ ಬಂದರು, ತಂಡ 20–10ರಿಂದ ಗೆದ್ದಿತು. ಮುಂದೆ, ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ ಗ್ರೆಗ್ ಇಂಗ್ಲಿಸ್ ಕ್ವೀನ್ಸ್‌ಲೆಂಡಿಗೆ ಆಡಿದ್ದರಿಂದ ದೊಡ್ಡ ತಕರಾರು ಎದ್ದಿತು. ಆಮೇಲೆ ಬಿಗಿಗೊಳಿಸಿದ ನಿಯಮದಲ್ಲಿ, ಹದಿಮೂರನೆಯ ಹುಟ್ಟುಹಬ್ಬಕ್ಕೆ ಮುನ್ನ ಹುಡುಗ ಎಲ್ಲಿ ನೆಲೆಸಿದ್ದ ಎಂಬುದಕ್ಕೆ ಬೆಲೆ ಬಂತು. ಬಾಲ್ಯ ಎಲ್ಲಿ ಕಳೆಯಿತು ಎಂದು ಕೇಳುವ ಈ ಅಳತೆ ನನಗೆ ತುಂಬ ಹಿಡಿಸುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲೂ ಇದಕ್ಕೆ ಜಾಗ ಸಿಗಬೇಕು.

ಅಜ್ಜಿಯ ನಿಯಮಕ್ಕೆ ಪುರಾವೆ ಬೇಕು ಎಂಬುದನ್ನೂ ಮರೆಯಬಾರದು. 2000ದಲ್ಲಿ ರಗ್ಬಿ ಯೂನಿಯನ್‌ನ ವೇಲ್ಸ್ ತಂಡದಲ್ಲಿದ್ದ ನ್ಯೂಜಿಲೆಂಡಿನ ಶೇನ್ ಹೋವರ್ತ್ ಮತ್ತು ಬ್ರೆಟ್ ಸಿಂಕಿನ್ಸನ್ ಅವರಿಗೆ ವೇಲ್ಸ್‌ನಲ್ಲಿ ಹುಟ್ಟಿದ ಅಜ್ಜ ಇದ್ದರೆಂಬುದಕ್ಕೆ ದಾಖಲೆ ನಿಲ್ಲದೆ ಹೋಗಿ ದೊಡ್ಡ ಹಗರಣವಾಯಿತು. ನಮ್ಮಲ್ಲಾದರೆ ತೊಡಕು ಇನ್ನೊಂದು ಬಗೆಯದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಅಜ್ಜಿಯರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಹಕ್ಕು ಇದೆ, ಕಾಗದ ಇಲ್ಲ. ಬಡ ದೇಶಗಳಿಂದ ವಲಸೆ ಹೋದವರ ಮೊಮ್ಮಕ್ಕಳಿಗೆ ಎದುರಾಗುವ ಈ ಅನ್ಯಾಯವನ್ನು ನಿಯಮ ಮಾಡುವವರು ಎಣಿಸಬೇಕು. ಶಾಲೆಯ ದಾಖಲಾತಿ, ಚರ್ಚಿನ ಪುಸ್ತಕ, ಊರಿನ ಹಿರಿಯರ ಹೇಳಿಕೆ ಇವಕ್ಕೂ ಬೆಲೆ ಇರಬೇಕು.

ಈಗ ನಮ್ಮ ದೇಶದ ಉತ್ತರಕ್ಕೆ ಬರುತ್ತೇನೆ. 2008ರ ಕೊನೆಯಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಒಂದು ನೀತಿ ತಂದಿತು: ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ಭಾರತವನ್ನು ಪ್ರತಿನಿಧಿಸಬಹುದು. ಅದುವರೆಗೆ ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಆಡುತ್ತಿದ್ದ ಅಮೆರಿಕದ ಪೌರ ಪ್ರಕಾಶ್ ಅಮೃತರಾಜ್ ಅವರಿಗೆ ಅಲ್ಲಿಗೆ ದಾರಿ ಮುಚ್ಚಿತು. ಭಾರತೀಯ ತಂದೆ, ಜಪಾನಿ ತಾಯಿಯ ಮಗ ಅರಾಟಾ ಇಜುಮಿ ಜಪಾನಿನ ಪೌರತ್ವ ಬಿಟ್ಟುಕೊಟ್ಟ ಮೇಲೆಯೇ 2013ರಲ್ಲಿ ಭಾರತದ ಫುಟ್‌ಬಾಲ್ ತಂಡ ಸೇರಿದರು. ನಾವು ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಇದು ಕಠಿಣ ಆಯ್ಕೆ. ಒಲಿಂಪಿಕ್ಸ್‌ನಲ್ಲಿ ಹೇಗೂ ಪೌರತ್ವ ಬೇಕು, ಅದು ಸರಿ. ಆದರೆ ಆಟದ ಅಂತರರಾಷ್ಟ್ರೀಯ ಸಂಸ್ಥೆಯೇ ಅಜ್ಜಿಯ ಊರು ಸಾಕು ಎನ್ನುವಾಗ ನಾವೇಕೆ ಬೇಡ ಎನ್ನಬೇಕು? ನಾನು ಆರಂಭದಲ್ಲಿ ಹೇಳಿದ ಹುಡುಗನಿಗೆ ಲೀಗ್‌ನ ನಿಯಮ ಭಾರತದ ಬಾಗಿಲು ತೆರೆದರೂ ನಮ್ಮ ನೀತಿ ಅದನ್ನು ಮುಚ್ಚುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರು 1960ರ ದಶಕದ ಆರಂಭದಿಂದ ನೆಲೆಸಿದ್ದಾರೆ. ಅಲ್ಲಿಯ ಯುವಕರು ಹುಟ್ಟಿದ್ದು ಮೈಸೂರು ಜಿಲ್ಲೆಯಲ್ಲಿ, ಅಜ್ಜ ಅಜ್ಜಿ ಹುಟ್ಟಿದ್ದು ಟಿಬೆಟ್‌ನಲ್ಲಿ. ಅಜ್ಜಿಯ ದೇಶಕ್ಕೆ ವಿಶ್ವದ ಫುಟ್‌ಬಾಲ್ ಸಂಸ್ಥೆಯ ಸದಸ್ಯತ್ವವಿಲ್ಲ. ಆದರೂ 2001ರಲ್ಲಿ ಟಿಬೆಟ್ ಹೆಸರಿನ ತಂಡವೊಂದು ಕೋಪನ್‌ಹೇಗನ್ನಿನಲ್ಲಿ ಗ್ರೀನ್‌ಲೆಂಡಿನ ಎದುರು ಆಡಿತು. 4–1ರಿಂದ ಸೋತಿತು. ಆಡಿದರು ಎಂಬುದೇ ದೊಡ್ಡದು.

ರಗ್ಬಿ ಲೀಗ್‌ನ ನಿಯಮದಲ್ಲಿ ನನಗೆ ಒಪ್ಪಿಗೆಯಾಗದ ಭಾಗವೊಂದಿದೆ. ಜೇಮ್ಸ್ ಟೆಡೆಸ್ಕೊ 2013 ಮತ್ತು 2017ರ ವಿಶ್ವಕಪ್‌ಗಳಲ್ಲಿ ಇಟಲಿಗೆ ಆಡಿದರು. 2022ರಲ್ಲಿ ಆಸ್ಟ್ರೇಲಿಯಾದ ನಾಯಕರಾಗಿ ಕಪ್ ಎತ್ತಿದರು. ಅವರು ನಿಯಮ ಮುರಿಯಲಿಲ್ಲ. ಆದರೆ ದೊಡ್ಡ ದೇಶ ಕರೆದಾಗ ಹೋಗಬಹುದು ಎಂದಾದರೆ ಚಿಕ್ಕ ದೇಶ ಆಟಗಾರನನ್ನು ಸಾಕಿಕೊಡುವ ಮನೆಯಷ್ಟೇ ಆಗಿಬಿಡುತ್ತದೆ. ಮೇಲಿನಿಂದ ಕೆಳಗೆ ಬರುವವರಿಗೆ ಬಾಗಿಲು ತೆರೆದಿರಲಿ. ಕೆಳಗಿನಿಂದ ಮೇಲೆ ಹೋಗುವವರು ಒಂದಷ್ಟು ವರ್ಷ ಕಾಯಲಿ. 2022ರಿಂದ ರಗ್ಬಿ ಯೂನಿಯನ್ ತನ್ನ ಆಟಗಾರರಿಗೆ ದೇಶ ಬದಲಿಸುವ ಮುನ್ನ ಮೂರು ವರ್ಷ ಬಿಡುವು ಕಡ್ಡಾಯ ಮಾಡಿದೆ, ಅದೂ ತಾನು ಅಥವಾ ತಂದೆತಾಯಿ, ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೆ ಮಾತ್ರ. ಲೀಗ್ ಇದನ್ನು ಒಂದೇ ದಿಕ್ಕಿಗೆ ಅನ್ವಯಿಸಿದರೆ ಸಾಕು.

ಜೊತೆಗೆ ಪಪುವಾ ನ್ಯೂಗಿನಿ ಮಾಡಿದ ಕೆಲಸವನ್ನು ಉಳಿದ ದೇಶಗಳೂ ಮಾಡಬೇಕು. ಅಲ್ಲಿ ಲೀಗ್ ಮನೆಮಾತು, ಆಟಗಾರರಲ್ಲಿ ಬಹುಪಾಲು ಆ ನೆಲದಲ್ಲೇ ಹುಟ್ಟಿದವರು. 2014ರಲ್ಲಿ ಕ್ವೀನ್ಸ್‌ಲೆಂಡಿನ ಲೀಗ್‌ಗೆ ಕಳುಹಿಸಿದ ಅವರ ಹಂಟರ್ಸ್ ತಂಡ 2017ರಲ್ಲಿ ಆ ಕಪ್ ಗೆದ್ದಿತು. 2028ರಿಂದ ಆಸ್ಟ್ರೇಲಿಯಾದ ಪ್ರಮುಖ ಲೀಗ್‌ನಲ್ಲೇ ಪಪುವಾ ನ್ಯೂಗಿನಿಯ ತಂಡವಿರುವುದೆಂದು ತೀರ್ಮಾನವಾಗಿದೆ. ಸಿಡ್ನಿಯ ಮೊಮ್ಮಕ್ಕಳು ಗೆದ್ದುಕೊಡುವ ಪಂದ್ಯಗಳ ಆದಾಯದಲ್ಲಿ ಒಂದು ಪಾಲು ಟೋಂಗಾ, ಸಮೋವಾಗಳ ಶಾಲಾ ಮೈದಾನಗಳಿಗೆ ಹೋಗಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆ ನಿಯಮದಲ್ಲೇ ಬರೆಯಲಿ.

ನಮಸ್ಕಾರ.