ದನದ ಡಾಕ್ಟ್ರಿಗೆ ಊರಿನ ಲೆಕ್ಕ ಯಾಕೆ?

(ಉಡುಪಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಜುಲೈ 6ರಂದು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಜೋರಾಗಿ ಬೀಳ್ತಾ ಇದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ನಿಲ್ಲಿಸಿ ಮತ್ತೆ ಹೇಳುತ್ತೇನೆ.

ನಿಮ್ಮ ಬಯಾಲಜಿ ಮಾಷ್ಟ್ರು ಫೋನ್ ಮಾಡಿ, "ವೆಟರ್ನರಿ ಓದಿ ಆಮೇಲೆ ಪಬ್ಲಿಕ್ ಹೆಲ್ತ್ ಕೂಡ ಓದಿದವರು ನಮ್ಮ ಕಡೆ ನೀವೊಬ್ಬರೇ ಸಿಕ್ಕಿದ್ದು, ಬನ್ನಿ" ಎಂದರು. ಅವರು ಆರಿಸಿದ ದಿನವೂ ಚೆನ್ನಾಗಿದೆ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ, ಹುಚ್ಚುನಾಯಿ ಕಚ್ಚಿದ 9 ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಲೂಯಿ ಪಾಶ್ಚರ್ ರೇಬೀಸ್ ಲಸಿಕೆ ಕೊಡಿಸಿದ. ಆ ನೆನಪಿಗೆ ಇವತ್ತು ವಿಶ್ವ ಪ್ರಾಣಿಜನ್ಯ ರೋಗಗಳ ದಿನ. ತಮಾಷೆ ಎಂದರೆ ಪಾಶ್ಚರ್ ಮನುಷ್ಯರ ಡಾಕ್ಟರೂ ಅಲ್ಲ, ದನದ ಡಾಕ್ಟರೂ ಅಲ್ಲ. ಕೆಮಿಸ್ಟ್ರಿ ಓದಿದವನು. ಸೂಜಿ ಚುಚ್ಚುವುದಕ್ಕೆ ಬೇರೆ ವೈದ್ಯರನ್ನು ಕರೆಸಬೇಕಾಯಿತು.

ಡಿಗ್ರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ ಕಥೆ.

ನಾನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಒಂದು ಮನೆಯಲ್ಲಿ ಏಳು ತಿಂಗಳ ಗಬ್ಬದ ದನ ಕಂದು ಹಾಕಿತ್ತು. ಕಸ, ಅಂದರೆ ಕರುವಿನ ಮಾಸು, ಬಿದ್ದಿರಲಿಲ್ಲ. ನಾನು ಹೋಗುವ ಹೊತ್ತಿಗೆ ಸತ್ತ ಕರುವನ್ನು ಆ ಮನೆಯ ಅಕ್ಕ ಬರಿಗೈಯಲ್ಲೇ ಎತ್ತಿ ತೆಂಗಿನ ಬುಡದಲ್ಲಿ ಹುಗಿದಾಗಿತ್ತು. ಜೋತುಬಿದ್ದ ಕಸವನ್ನು ಅವರೇ ಸ್ವಲ್ಪ ಎಳೆದೂ ನೋಡಿದ್ದರು. ಹುಲ್ಲು ಕೊಯ್ದು ಕೊಯ್ದು ಅವರ ಬೆರಳ ತುಂಬ ಗೀರು. ನಾನು ದನಕ್ಕೆ ಔಷಧಿ ಕೊಟ್ಟೆ, ರಿಜಿಸ್ಟರಿನಲ್ಲಿ 'ಗರ್ಭಪಾತ' ಎಂದು ಬರೆದೆ, ಬೈಕ್ ಹತ್ತಿದೆ. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಎರಡು ತಿಂಗಳು ಬಿಟ್ಟು ಇನ್ನೊಂದು ದನಕ್ಕೆ ಇಂಜೆಕ್ಷನ್ ಕೊಡಲು ಹೋದಾಗ ಅಕ್ಕ ಹಟ್ಟಿಯ ಜಗಲಿಯಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದರು. "ಎಂತ ಅಕ್ಕ, ಹುಷಾರಿಲ್ವಾ?" ಎಂದೆ. "ಸಂಜೆಯಾದ್ರೆ ಜ್ವರ ಡಾಕ್ಟ್ರೇ. ರಾತ್ರಿ ಹಾಸಿಗೆ ಒದ್ದೆ ಆಗುವಷ್ಟು ಬೆವರು. ಗಂಟು ಗಂಟೆಲ್ಲ ನೋವು. ಮಲೇರಿಯಾ ನೋಡಿದ್ರು, ಇಲಿಜ್ವರ ನೋಡಿದ್ರು, ಎಂತದೂ ಇಲ್ಲ ಅಂತೆ" ಎಂದರು.

ನಮ್ಮ ಕಡೆ ಜ್ವರ ಬಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ನೋಡುವುದೇ ಸರಿ. ಆ ಡಾಕ್ಟರ ತಪ್ಪಲ್ಲ. ಮನೆಯಲ್ಲಿ ದನ ಕಂದು ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು. ನನಗೆ ಅಕ್ಕನ ಜ್ವರ ಗೊತ್ತಿರಲಿಲ್ಲ. ಅರ್ಧ ಸುದ್ದಿ ಒಂದು ಪುಸ್ತಕದಲ್ಲಿ, ಇನ್ನರ್ಧ ಇನ್ನೊಂದು ಪುಸ್ತಕದಲ್ಲಿ ಕೂತಿತ್ತು.

ಅಲ್ಲೇ ಒಂದು ಚೀಟಿ ಬರೆದೆ. 'ಈ ಮನೆಯಲ್ಲಿ ದನ ಕಂದು ಹಾಕಿದೆ, ಇವರು ಬರಿಗೈಯಲ್ಲಿ ಮುಟ್ಟಿದ್ದಾರೆ, ದಯವಿಟ್ಟು ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ.' ಅಷ್ಟೇ. ಮನುಷ್ಯರಿಗೆ ಮದ್ದು ಬರೆಯುವ ಹಕ್ಕು ನನಗಿಲ್ಲ, ಬರೆಯಲೂಬಾರದು. ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದೇ ಬಂತು. ದನ ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಅಂಟುವ ಕಂದು ರೋಗ ಅದು; ಬ್ರುಸೆಲ್ಲಾ ಅದರ ರೋಗಾಣು. ಆರು ವಾರ ಮಾತ್ರೆ ತೆಗೆದುಕೊಂಡು ಅಕ್ಕ ಗುಣವಾದರು.

ಆ ಪರೀಕ್ಷೆ ದನಕ್ಕೂ ಮಾಡುತ್ತಾರೆ. ನೀವು ಒಮ್ಮೆ ನೋಡಬೇಕು. ಬಿಳಿ ಪ್ಲೇಟಿನ ಮೇಲೆ ರಕ್ತದ ಸೀರಮ್ ಒಂದು ಹನಿ, ಪಕ್ಕದಲ್ಲಿ ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣದ ದ್ರಾವಣ ಒಂದು ಹನಿ. ಕಡ್ಡಿಯಲ್ಲಿ ಕಲಸಿ, ಪ್ಲೇಟನ್ನು ನಿಧಾನವಾಗಿ ಅತ್ತ ಇತ್ತ ಓಲಾಡಿಸಬೇಕು. ನಾಲ್ಕು ನಿಮಿಷ. ರೋಗ ಇಲ್ಲದಿದ್ದರೆ ಗುಲಾಬಿ ಹಾಗೇ ನುಣ್ಣಗಿರುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಕಣ ಕಟ್ಟುತ್ತದೆ. ಎರಡು ತಿಂಗಳ ಜ್ವರಕ್ಕೆ ನಾಲ್ಕು ನಿಮಿಷದ ಉತ್ತರ.

ಆ ದಿನ ಹಟ್ಟಿಯಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಪಬ್ಲಿಕ್ ಹೆಲ್ತ್ ಓದಿದ ಮೇಲೆ ಅದು ಹೊಳೆಯಿತು. ಅದೇ ಮನೆಯಲ್ಲಿ ಅಕ್ಕನ ಗಂಡ, ಅತ್ತೆ ಇಬ್ಬರೂ ಅದೇ ದನದ ಹಾಲಿನ ಚಹಾ ಕುಡಿಯುತ್ತಿದ್ದರು. ಅವರಿಗೆ ಜ್ವರ ಇಲ್ಲ. ಹಾಗಾದರೆ ರೋಗ ಬಂದದ್ದು ಹಾಲಿನಿಂದ ಇರಲಿಕ್ಕಿಲ್ಲ. ಚಹಾಕ್ಕೆ ಹಾಲು ಕುದಿದಿರುತ್ತದೆ. ಕಸ ಮುಟ್ಟಿದವರು ಅಕ್ಕ ಒಬ್ಬರೇ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಇಬ್ಬರಲ್ಲಿ ವ್ಯತ್ಯಾಸ ಏನು? ಎಪಿಡೆಮಿಯಾಲಜಿ ಎಂದು ದೊಡ್ಡ ಹೆಸರಿಟ್ಟಿರುವುದು ಮುಖ್ಯವಾಗಿ ಈ ವಿಚಾರಣೆಗೇ.

ಇದೇ ರೋಗದ ಹಳೆಯ ಕಥೆ ಮಾಲ್ಟಾ ದ್ವೀಪದ್ದು. ಅಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಜ್ವರ. ಡೇವಿಡ್ ಬ್ರೂಸ್ 1887ರಲ್ಲಿ ರೋಗಾಣು ಹಿಡಿದ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗಲು 1905ರವರೆಗೆ ಕಾಯಬೇಕಾಯಿತು. ಥೆಮಿಸ್ಟೊಕ್ಲಿಸ್ ಝಮ್ಮಿಟ್ ಎಂಬ ಮಾಲ್ಟಾದ ವೈದ್ಯ ಆಡುಗಳ ರಕ್ತ ಪರೀಕ್ಷಿಸಿದ. ಆಡುಗಳು ನೋಡಲಿಕ್ಕೆ ಆರಾಮಾಗಿದ್ದವು, ರೋಗ ಮಾತ್ರ ಒಳಗಿತ್ತು. ಮರುವರ್ಷ ಸೈನ್ಯಕ್ಕೆ ಆಡಿನ ಹಾಲು ನಿಲ್ಲಿಸಿದರು, ಸಿಪಾಯಿಗಳ ಜ್ವರ ಇಳಿಯಿತು. ಹೊಸ ಔಷಧಿ ಏನೂ ಬಂದಿರಲಿಲ್ಲ. ಹಾಲು ನಿಲ್ಲಿಸಿದ್ದೇ ಮದ್ದು.

ಈಗ ಓದಿನ ವಿಷಯ. ಎಂಪಿಎಚ್, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ತರಗತಿಯ ಮೊದಲ ವಾರ ಮೇಷ್ಟ್ರು ನನ್ನನ್ನು ಕೇಳಿದರು, "ನಿಮ್ಮ ವ್ಯಾಪ್ತಿಯಲ್ಲಿ ಕಳೆದ ವರ್ಷ ಎಷ್ಟು ದನ ಕಂದು ಹಾಕಿವೆ?" ನಾನು ಹೆಮ್ಮೆಯಿಂದ ಸಂಖ್ಯೆ ಹೇಳಿದೆ. "ಎಷ್ಟರಲ್ಲಿ?" ಎಂದರು. ನನಗೆ ಗೊತ್ತಿಲ್ಲ! ಗಬ್ಬದ ದನ ಒಟ್ಟು ಎಷ್ಟು ಇದ್ದವು ಎಂದು ನಾನು ಲೆಕ್ಕ ಇಟ್ಟಿರಲೇ ಇಲ್ಲ. ಏಳನೇ ಕ್ಲಾಸಿನ ಭಿನ್ನರಾಶಿ ನೆನಪಿದೆಯಲ್ವಾ? ಮೇಲೆ ಅಂಶ, ಕೆಳಗೆ ಛೇದ. ಆಸ್ಪತ್ರೆಗೆ ಬರುವುದು ಅಂಶ ಮಾತ್ರ. ಛೇದ ಊರಲ್ಲಿರುತ್ತದೆ. ಅದನ್ನು ಹುಡುಕಿಕೊಂಡು ನಾವೇ ಹೋಗಬೇಕು. ವೆಟರ್ನರಿ ಕಾಲೇಜು ನನಗೆ ಒಂದು ದನವನ್ನು ನೋಡಲು ಕಲಿಸಿತು. ಈ ಓದು ಛೇದ ಕೇಳಲು ಕಲಿಸಿತು.

ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. 1982ರ ಹೊತ್ತಿಗೆ ಅದು ಘಟ್ಟ ಇಳಿದು ಬೆಳ್ತಂಗಡಿ ಕಡೆ ಕಾಣಿಸಿತು. ಹರಡುವುದು ಉಣುಗು. ದನಕ್ಕೆ ಈ ರೋಗದಿಂದ ಏನೂ ಆಗುವುದಿಲ್ಲ. ಹಾಗಾಗಿ ಬರೀ ದನದ ಡಾಕ್ಟರ ಕಣ್ಣಿನಲ್ಲಿ ನೋಡಿದರೆ, "ಇದಕ್ಕೆಂತ ಕಾಯಿಲೆ ಇಲ್ಲ ಮಾರಾಯ್ರೇ, ಕರ್ಕೊಂಡು ಹೋಗಿ" ಎಂದು ಕಳಿಸಬೇಕು. ಆದರೆ ಬೆಳೆದ ಉಣುಗು ಹೊಟ್ಟೆ ತುಂಬ ರಕ್ತ ಕುಡಿಯುವುದು ಕಾಡಿಗೆ ಮೇಯಲು ಹೋಗುವ ಆ ಆರೋಗ್ಯವಂತ ದನದ ಮೈಯಲ್ಲೇ. ಕುಡಿದು ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ರೋಗ ಇಲ್ಲದ ದನವೂ ರೋಗದ ಲೆಕ್ಕದಲ್ಲಿ ಬರುತ್ತದೆ.

ಮಲೇಷ್ಯಾದಲ್ಲಿ 1998ರಲ್ಲಿ ಮಿದುಳು ಜ್ವರ ಶುರುವಾದಾಗ ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಎಂದುಕೊಂಡು ಸೊಳ್ಳೆಗೆ ಔಷಧಿ ಹೊಡೆದರು. ಆದರೆ ಆ ರೋಗ ಜಾಸ್ತಿ ಕಾಡುವುದು ಮಕ್ಕಳನ್ನು. ಇಲ್ಲಿ ಬೀಳುತ್ತಿದ್ದವರು ಹಂದಿ ಸಾಕಣೆಯಲ್ಲಿ ದುಡಿಯುವ ಗಂಡಸರು. ಮತ್ತೆ ಅದೇ ಪ್ರಶ್ನೆ, ಯಾರಿಗೆ ಬಂತು? ಹೊರಬಿದ್ದದ್ದು ನಿಪಾ ವೈರಸ್. 2018ರ ಮೇ ತಿಂಗಳಲ್ಲಿ ಅದು ಕೋಝಿಕ್ಕೋಡಿಗೆ ಬಂದಾಗ ಮಾದರಿಗಳನ್ನು ಮೊದಲು ಪರೀಕ್ಷಿಸಿ ಗುರುತು ಹಿಡಿದ ಲ್ಯಾಬ್ ಇರುವುದು ಇಲ್ಲೇ, ಮಣಿಪಾಲದಲ್ಲಿ.

ಸರಿ, ಪೋಷಕರು ಗಡಿಯಾರ ನೋಡುತ್ತಿದ್ದಾರೆ. ಎರಡು ಡಿಗ್ರಿ ಒಟ್ಟಿಗೆ ಸಿಗುತ್ತದಾ? ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿ ಪಶುವೈದ್ಯ ಪದವಿ ನಾಲ್ಕು ವರ್ಷ, ಆದರೆ ಅದಕ್ಕೆ ಸೇರುವವರಲ್ಲಿ ಹೆಚ್ಚಿನವರು ಮೊದಲೇ ಒಂದು ಡಿಗ್ರಿ ಮುಗಿಸಿರುತ್ತಾರೆ. ಮಿನ್ನೆಸೋಟಾದಂಥ ವಿಶ್ವವಿದ್ಯಾಲಯಗಳಲ್ಲಿ ಅದರ ಜೊತೆಗೇ ಎಂಪಿಎಚ್ ಮಾಡಬಹುದು. ಕೆಲವು ವಿಷಯ ಎರಡೂ ಕಡೆ ಲೆಕ್ಕಕ್ಕೆ ಬರುವುದರಿಂದ ಸಮಯ ಉಳಿಯುತ್ತದೆ. ಈ ದಾರಿಗೆ ಹಿರಿಯರೊಬ್ಬರಿದ್ದಾರೆ, ಜೇಮ್ಸ್ ಸ್ಟೀಲ್. 1941ರಲ್ಲಿ ಪಶುವೈದ್ಯರಾಗಿ, ಮರುವರ್ಷ ಹಾರ್ವರ್ಡಿನಲ್ಲಿ ಎಂಪಿಎಚ್ ಮುಗಿಸಿ, 1947ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಪಶುವೈದ್ಯ ಸಾರ್ವಜನಿಕ ಆರೋಗ್ಯ ವಿಭಾಗ ಕಟ್ಟಿದವರು. ಆದರೆ ಅಲ್ಲಿನ ಖರ್ಚು ದೊಡ್ಡದು. ಅಲ್ಲಿ ಓದಿ ಬಂದು ಇಲ್ಲಿ ಪ್ರಾಕ್ಟೀಸ್ ಮಾಡುವ ಯೋಚನೆ ಇದ್ದರೆ ನಮ್ಮ ಪಶುವೈದ್ಯ ಪರಿಷತ್ತಿನ ನೋಂದಣಿ ನಿಯಮ ಮೊದಲೇ ಓದಿಕೊಳ್ಳಿ.

ಇಲ್ಲಿ ನಮ್ಮ ದಾರಿ ಒಂದರ ಹಿಂದೆ ಒಂದು. ಪಶುವೈದ್ಯ ಪದವಿ ಬಿವಿಎಸ್‌ಸಿ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದ ಕಾಲೇಜುಗಳೆಲ್ಲ ಬೀದರಿನ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಸೀಟು ಸಿಇಟಿಯಿಂದ, ಶೇ. 15ರಷ್ಟು ಅಖಿಲ ಭಾರತ ಕೋಟಾಕ್ಕೆ ನೀಟ್ ಅಂಕ ಬೇಕು. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಗದ್ದೆಗೆ ಇಳಿದ ಮಕ್ಕಳಿಗೆ ಅದು ಕಷ್ಟ ಅಲ್ಲ. ಆಮೇಲೆ ಎರಡು ಕವಲು. ಒಂದು, ಪಶುವೈದ್ಯ ಸಾರ್ವಜನಿಕ ಆರೋಗ್ಯದಲ್ಲಿ ಎಂವಿಎಸ್‌ಸಿ ಎಂಬ ಸ್ನಾತಕೋತ್ತರ ಪದವಿ. ಇನ್ನೊಂದು, ಎರಡು ವರ್ಷದ ಎಂಪಿಎಚ್. ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್‌ನಲ್ಲಿ ಇರುವಂಥದ್ದು. ಎಂವಿಎಸ್‌ಸಿಯಲ್ಲಿ ಲ್ಯಾಬು, ಹಾಲು, ಮಾಂಸ ಜಾಸ್ತಿ. ಎಂಪಿಎಚ್‌ನಲ್ಲಿ ಅಂಕಿಸಂಖ್ಯೆ, ಜನ, ಆಡಳಿತ ಜಾಸ್ತಿ. ಪಕ್ಕದ ಬೆಂಚಿನಲ್ಲಿ ದಂತವೈದ್ಯರು, ನರ್ಸುಗಳು ಇರುತ್ತಾರೆ. ನನಗೆ ಅವರಿಂದಲೇ ಹೆಚ್ಚು ಕಲಿಕೆಯಾಯಿತು.

ನನ್ನನ್ನು ಕೇಳಿದರೆ ಬಿವಿಎಸ್‌ಸಿಗೂ ಮುಂದಿನ ಓದಿಗೂ ಮಧ್ಯೆ ಎರಡು ಮೂರು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿ. ಒಟ್ಟಿಗೆ ಓದುವುದು ಸಮಯ ಉಳಿಸಬಹುದು. ಆದರೆ ಆ ಅಕ್ಕನ ಹಟ್ಟಿ ನೋಡದೆ ನಾನು ತರಗತಿಗೆ ಹೋಗಿದ್ದರೆ, "ಎಷ್ಟರಲ್ಲಿ?" ಎಂಬ ಪ್ರಶ್ನೆ ನನಗೆ ಸುಮ್ನೆ ಲೆಕ್ಕದ ಪ್ರಶ್ನೆಯಾಗಿ ಉಳಿಯುತ್ತಿತ್ತು.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಎಂಪಿಎಚ್ ಮುಗಿಸಿ ಬಂದ ಮೇಲೆ ನನ್ನ ಸಂಬಳ ಒಂದು ರೂಪಾಯಿ ಏರಲಿಲ್ಲ. ಕೂತ ಕುರ್ಚಿಯೂ ಅದೇ. ಬೇರೆ ಬಾಗಿಲುಗಳು ಇವೆ: ರೋಗ ಕಣ್ಗಾವಲು, ಸಂಶೋಧನೆ, ಲಸಿಕೆ ಕಂಪನಿ. ಆಹಾರ ಸುರಕ್ಷತಾ ಅಧಿಕಾರಿ ಆಗಲು ಪಶುವೈದ್ಯ ಪದವಿಯೇ ಸಾಕು. ಆದರೆ ಬಾಗಿಲು ನೀವೇ ತಟ್ಟಬೇಕು. "ಎಂಬಿಬಿಎಸ್ ಸಿಗದೆ ಇದಕ್ಕೆ ಬಂದದ್ದಾ?" ಎಂದು ಮದುವೆ ಮನೆಯಲ್ಲಿ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಹೌದು, ಸಿಗದೆಯೇ ಬಂದದ್ದು. ಈಗ ಬೇಸರ ಇಲ್ಲ.

ಈ ಶನಿವಾರ ಅದೇ ಅಕ್ಕನ ಹಟ್ಟಿಗೆ ಹೋಗುತ್ತಿದ್ದೇನೆ. ಐದು ತಿಂಗಳ ಹೆಣ್ಣು ಕರು ಒಂದಿದೆ. ಕಂದು ರೋಗದ ಲಸಿಕೆ ಹಾಕುವುದು ಹೆಣ್ಣು ಕರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. ಜೀವಂತ ರೋಗಾಣುವಿನ ಲಸಿಕೆ ಅದು, ಸೂಜಿ ನಮ್ಮ ಕೈಗೆ ಚುಚ್ಚಿದರೆ ನಮಗೇ ಜ್ವರ. ಹಾಗಾಗಿ ನೀವು ದೂರ ನಿಂತು ನೋಡಬೇಕು. ಬರುವವರು ಮಾಷ್ಟ್ರ ಹತ್ತಿರ ಹೆಸರು ಕೊಡಿ. ನಾಲ್ಕು ಜನಕ್ಕಿಂತ ಜಾಸ್ತಿ ಬೇಡ, ಕರು ಹೆದರುತ್ತದೆ. ಬೆಳಿಗ್ಗೆ ಏಳು ಗಂಟೆಗೆ, ಗಂಬೂಟು ಹಾಕಿಕೊಂಡು. ಅಕ್ಕ ಚಹಾ ಕೊಡುತ್ತಾರೆ. ಹಾಲು ಕುದಿಸಿದ್ದೇ.